‘ಬರೀ ಟೆನ್ಷನ್’ ಎನಿಸಿಕೊಂಡವರು, ‘ಚೆನ್ನಾಗಿದ್ದೇನೆ’ ಎನ್ನುವವರು

ಹೃದಯದ ಕಾಯಿಲೆ ಗಂಡಸರಿಗೂ ಹೆಂಗಸರಿಗೂ ಒಂದೇ ದಾರಿಯಲ್ಲಿ ಬರುವುದಿಲ್ಲ, ಮನಸ್ಸಿನ ಭಾರಕ್ಕೂ ಅದರಲ್ಲಿ ಪಾಲಿದೆ ಎಂದು ಕಳೆದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳು ಮೇಜಿನ ಮೇಲೆ ಎರಡು ರಾಶಿಯಾಗಿ ಕುಳಿತಿವೆ. ಹೆಂಗಸರ ಪತ್ರಗಳು ಉದ್ದ. ಅಸಲು ಪ್ರಶ್ನೆ ಮೂರನೆಯ ಪುಟದಲ್ಲಿ, ‘ನಿಮ್ಮ ಸಮಯ ಹಾಳುಮಾಡಿದ್ದಕ್ಕೆ ಕ್ಷಮಿಸಿ’ ಎಂಬ ಸಾಲಿನ ಹಿಂದೆ ಅಡಗಿರುತ್ತದೆ. ಗಂಡಸರ ಪತ್ರಗಳು ಅರ್ಧ ಪುಟ: ಮಾತ್ರೆಯ ಹೆಸರು, ಕೊಲೆಸ್ಟ್ರಾಲ್ ಸಂಖ್ಯೆ, ಸಹಿ. ಗಂಡಸರ ಮನಸ್ಸಿನ ಬಗ್ಗೆ ಬಂದ ಪತ್ರಗಳನ್ನು ಬರೆದವರೆಲ್ಲ ಅವರ ಹೆಂಡತಿಯರು, ಹೆಣ್ಣುಮಕ್ಕಳು. ಮೂವತ್ತೊಂದು ವರ್ಷ ಹೃದ್ರೋಗ ವಿಭಾಗದಲ್ಲಿ ಕುಳಿತು ನೋಡಿದ್ದೂ ಇದನ್ನೇ. ಆರು ಪತ್ರಗಳನ್ನು ಆರಿಸಿದ್ದೇನೆ. ಹೆಸರು, ಊರು ತೆಗೆದಿದ್ದೇನೆ.

ಪ್ರಶ್ನೆ: ನನಗೆ 52 ವರ್ಷ. ಆರು ತಿಂಗಳಿಂದ ಮೆಟ್ಟಿಲು ಹತ್ತಿದರೆ ಎದೆಯ ನಡುವೆ ಹಿಂಡಿದಂತಾಗಿ ನೋವು ದವಡೆಯವರೆಗೆ ಹೋಗುತ್ತದೆ, ಉಸಿರು ಸಾಲುವುದಿಲ್ಲ. ಒಮ್ಮೊಮ್ಮೆ ಸುಮ್ಮನೆ ಕುಳಿತಾಗಲೂ ಬರುತ್ತದೆ. ಇಸಿಜಿ ಸರಿಯಿದೆ. ಆಂಜಿಯೋಗ್ರಾಮ್ ಮಾಡಿ, ಎಲ್ಲೂ ಅಡ್ಡಿ ಇಲ್ಲ, ಬರೀ ಟೆನ್ಷನ್ ಎಂದು ನಿದ್ದೆಯ ಮಾತ್ರೆ ಕೊಟ್ಟರು. ಈಗ ನೋವು ಎಂದರೆ ಮನೆಯಲ್ಲಿ ಯಾರೂ ತಲೆ ಎತ್ತಿಯೂ ನೋಡುವುದಿಲ್ಲ. ಇಲ್ಲದ ನೋವನ್ನು ನಾನೇ ಕಲ್ಪಿಸಿಕೊಳ್ಳುತ್ತಿದ್ದೇನೆಯೇ?

ಉತ್ತರ: ಇಲ್ಲ. ಈ ಒಂದು ಪದವನ್ನು ಕತ್ತರಿಸಿ ಮನೆಯವರಿಗೆ ಕೊಡಿ. ಉಳಿದದ್ದನ್ನು ನೀವು ನಿಧಾನವಾಗಿ ಓದಿ.

ಹೃದಯದ ರಕ್ತನಾಳಗಳನ್ನು ಒಂದು ಮರ ಎಂದುಕೊಳ್ಳಿ. ಆಂಜಿಯೋಗ್ರಾಮ್‌ನಲ್ಲಿ ಕಾಣುವುದು ಅದರ ಕಾಂಡ ಮತ್ತು ದೊಡ್ಡ ಕೊಂಬೆಗಳು ಮಾತ್ರ. ಅರ್ಧ ಮಿಲಿಮೀಟರಿಗಿಂತ ಸಣ್ಣ ನಾಳಗಳು ಅದರಲ್ಲಿ ಮೂಡುವುದಿಲ್ಲ. ಹೃದಯದ ಸ್ನಾಯುವಿನ ಒಳಗೆ ರಕ್ತ ಮುಟ್ಟಿಸುವುದು ಆ ಕಾಣದ ಕಡ್ಡಿಗಳೇ. ಮೆಟ್ಟಿಲು ಹತ್ತುವಾಗ ಅವು ಹಿಗ್ಗಬೇಕು. ಹಿಗ್ಗದಿದ್ದರೆ, ಅಥವಾ ಇದ್ದಕ್ಕಿದ್ದಂತೆ ಮುದುಡಿಕೊಂಡರೆ, ದೊಡ್ಡ ಕೊಂಬೆಗಳು ಎಷ್ಟೇ ಸ್ವಚ್ಛವಾಗಿದ್ದರೂ ನೋವು ಬರುತ್ತದೆ. ಇದಕ್ಕೆ ಸೂಕ್ಷ್ಮ ರಕ್ತನಾಳಗಳ ಕಾಯಿಲೆ ಎನ್ನುತ್ತೇವೆ. ಗಂಡಸರಲ್ಲೂ ಇದೆ, ಹೆಂಗಸರಲ್ಲಿ ಹೆಚ್ಚು. ಅಮೆರಿಕದಲ್ಲಿ 1996ರಲ್ಲಿ, ಎದೆನೋವಿನಿಂದ ಬಂದ ಮಹಿಳೆಯರನ್ನು ಮಾತ್ರ ಆರಿಸಿಕೊಂಡು ಒಂದು ದೊಡ್ಡ ಅಧ್ಯಯನ ಆರಂಭವಾಯಿತು. ‘ಅಡ್ಡಿ ಇಲ್ಲ’ ಎಂದು ಮನೆಗೆ ಕಳಿಸಿದ್ದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ, ಯಾವ ನೋವೂ ಇಲ್ಲದ ಅದೇ ವಯಸ್ಸಿನ ಹೆಂಗಸರಿಗಿಂತ ಇವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳು ಹೆಚ್ಚಿದ್ದವು.

ನಿಮ್ಮ ವೈದ್ಯರನ್ನು ಬೈಯುವ ಮೊದಲು ನನ್ನದೊಂದು ತಪ್ಪನ್ನು ಹೇಳಿಬಿಡಬೇಕು. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ರಾತ್ರಿ ಪಾಳಿಯಲ್ಲಿ ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಬಂದರು. ಬೆನ್ನು ನೋವು, ವಾಕರಿಕೆ, ಎದೆ ಭಾರ. ಮಾತಾಡುತ್ತ ಅತ್ತರು. ಅತ್ತದ್ದೇ ತಪ್ಪಾಯಿತು. ಕೇಸ್ ಶೀಟಿನಲ್ಲಿ ‘ಆತಂಕ’ ಎಂದು ಬರೆದು ಕಳಿಸಿದೆ. ಮೂರನೆಯ ದಿನ ಹೃದಯಾಘಾತದೊಂದಿಗೆ ಅದೇ ಮಂಚಕ್ಕೆ ಬಂದರು. ಬದುಕಿದರು. ಮನೆಗೆ ಹೊರಡುವ ದಿನ ನನ್ನ ಕೈ ಹಿಡಿದು, ‘ನಾನು ನಿಮಗೆ ಹೇಳಿದ್ದೆನಲ್ಲಮ್ಮಾ’ ಎಂದರು. ಸಿಟ್ಟಿನಿಂದ ಹೇಳಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ. ನಾನೂ ಹೆಂಗಸೇ, ಆದರೂ ಹಾಗೆ ಬರೆದೆ. ಕಲಿತ ಪುಸ್ತಕಗಳಲ್ಲಿ ಎದೆ ಹಿಡಿದುಕೊಂಡು ನಿಂತ ಚಿತ್ರವೆಲ್ಲ ಗಂಡಸಿನದೇ ಆಗಿತ್ತು.

ನನ್ನಂಥವರ ಲೆಕ್ಕ ಆಮೇಲೆ ಸಿಕ್ಕಿತು. 55 ವರ್ಷದೊಳಗೆ ಹೃದಯಾಘಾತವಾದ ಸುಮಾರು ಮೂರು ಸಾವಿರ ಅಮೆರಿಕನ್ನರನ್ನು ಮಾತಾಡಿಸಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅವರಲ್ಲಿ ಕೆಲವರು ಆಸ್ಪತ್ರೆ ಸೇರುವ ಮೊದಲೇ ಇದೇ ತೊಂದರೆಗಾಗಿ ವೈದ್ಯರನ್ನು ಕಂಡಿದ್ದರು. ಆಗ ‘ಇದು ಹೃದಯದ್ದಲ್ಲ’ ಎನಿಸಿಕೊಂಡವರು ಹೆಂಗಸರಲ್ಲಿ ನೂರಕ್ಕೆ 53, ಗಂಡಸರಲ್ಲಿ 37. ಅದೇ ಅಧ್ಯಯನ ಇನ್ನೊಂದು ಮಾತನ್ನೂ ತಿದ್ದಿತು. ಹೆಂಗಸರಿಗೆ ಎದೆನೋವೇ ಬರುವುದಿಲ್ಲ ಎಂಬ ಸುದ್ದಿ ಮೊಬೈಲ್‌ಗಳಲ್ಲಿ ಓಡಾಡುತ್ತಿದೆಯಲ್ಲ, ಅದು ಸುಳ್ಳು. ಎದೆಯ ನೋವು, ಬಿಗಿತ, ಒತ್ತಡಗಳಲ್ಲಿ ಒಂದಾದರೂ ನೂರರಲ್ಲಿ 87 ಹೆಂಗಸರಿಗೆ ಇತ್ತು. ಗಂಡಸರಲ್ಲಿ ಸುಮಾರು 90. ವ್ಯತ್ಯಾಸ ಏನೆಂದರೆ ಹೆಂಗಸರಿಗೆ ಅದರ ಜೊತೆಗೆ ವಾಕರಿಕೆ, ದವಡೆ ನೋವು, ಬೆನ್ನು ನೋವು, ಸುಸ್ತು ಹೀಗೆ ಮೂರು ನಾಲ್ಕು ಸೇರಿರುತ್ತವೆ. ಹತ್ತು ದೂರು ಹೇಳಿದವರ ಒಂದು ದೂರನ್ನೂ ಕೇಳದೆ ಇರುವುದು ನಮ್ಮ ಹಳೆಯ ರೋಗ.

ರಕ್ತ ಪರೀಕ್ಷೆಯಲ್ಲೂ ಇದೇ ಕತೆ. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಟ್ರೋಪೋನಿನ್ ಎಂಬ ಪ್ರೋಟೀನ್ ಏರುತ್ತದೆ. ಆರೋಗ್ಯವಂತ ಹೆಂಗಸರಲ್ಲಿ ಅದರ ಮಟ್ಟ ಮೊದಲೇ ಕಡಿಮೆ. ಇಬ್ಬರಿಗೂ ಒಂದೇ ಗೆರೆ ಎಳೆದರೆ ಹೆಂಗಸಿನ ಪೆಟ್ಟು ಗೆರೆಯ ಕೆಳಗೇ ಉಳಿದುಬಿಡುತ್ತದೆ. ಎಡಿನ್‌ಬರೋದ ವೈದ್ಯರು ಸೂಕ್ಷ್ಮ ಪರೀಕ್ಷೆಯೊಂದರಲ್ಲಿ ಗಂಡಸರಿಗೆ 34, ಹೆಂಗಸರಿಗೆ 16 ಎಂದು ಬೇರೆ ಬೇರೆ ಗೆರೆ ಇಟ್ಟು ನೋಡಿ 2015ರಲ್ಲಿ ಬರೆದರು: ಹೃದಯಾಘಾತ ಎಂದು ಗುರುತಾದ ಹೆಂಗಸರ ಪ್ರಮಾಣ ನೂರಕ್ಕೆ 11ರಿಂದ 22ಕ್ಕೆ ಏರಿತು. ಗಂಡಸರದು 19ರಿಂದ 21ಕ್ಕೆ, ಅಷ್ಟೇ.

ಈಗ ನೀವು ಮಾಡಬೇಕಾದದ್ದು. ಎಷ್ಟು ಮೆಟ್ಟಿಲಿಗೆ ನೋವು ಶುರುವಾಯಿತು, ನಿಂತ ಮೇಲೆ ಎಷ್ಟು ನಿಮಿಷಕ್ಕೆ ಇಳಿಯಿತು ಎಂಬುದನ್ನು ಎರಡು ವಾರ ಬರೆದಿಡಿ. ಹೃದ್ರೋಗ ತಜ್ಞರನ್ನು ಮತ್ತೆ ಕಂಡು, ಸಣ್ಣ ನಾಳಗಳ ರಕ್ತ ಹರಿವನ್ನು ನೋಡುವ ಎಂಆರ್‌ಐ ಅಥವಾ ಪೆಟ್ ಸ್ಕ್ಯಾನ್ ಬೇಕೇ, ನಾಳ ಮುದುಡುವುದನ್ನು ಪರೀಕ್ಷಿಸಬೇಕೇ ಎಂದು ಕೇಳಿ. ಮಾತನ್ನು ‘ಸ್ವಲ್ಪ ಟೆನ್ಷನ್ ಇರಬೇಕು ಡಾಕ್ಟರೇ’ ಎಂದು ಶುರುಮಾಡಬೇಡಿ. ಬರುವ ಹೆಂಗಸರಲ್ಲಿ ಅರ್ಧ ಜನ ಹೀಗೇ ಶುರುಮಾಡುತ್ತಾರೆ, ನಾವು ಅದನ್ನೇ ಹಿಡಿದುಕೊಂಡುಬಿಡುತ್ತೇವೆ. ಟೆನ್ಷನ್ ಇದ್ದರೆ ಕೊನೆಯಲ್ಲಿ ಹೇಳಿ. ಅದೂ ಇರಬಹುದು. ಆತಂಕ ಇರುವವರಿಗೆ ಹೃದಯದ ಕಾಯಿಲೆ ಬರಬಾರದೆಂಬ ಕಾನೂನು ಎಲ್ಲೂ ಇಲ್ಲ. ನೋವು ಹತ್ತು ಹದಿನೈದು ನಿಮಿಷ ಕಳೆದರೂ ಇಳಿಯದೆ ಬೆವರು, ಉಸಿರುಗಟ್ಟುವಿಕೆ ಸೇರಿಕೊಂಡರೆ ಬರೆಯುತ್ತ ಕೂರಬೇಡಿ, ಆಂಬ್ಯುಲೆನ್ಸ್ ಕರೆಸಿ.

ಪ್ರಶ್ನೆ: ನನಗೆ 49, ಮುಟ್ಟು ನಿಲ್ಲುವ ಹಂತದಲ್ಲಿದ್ದೇನೆ. ನನಗೂ ಗಂಡನಿಗೂ ಸಕ್ಕರೆ ಕಾಯಿಲೆ ಇದೆ. ಹೆಂಗಸರನ್ನು ಹಾರ್ಮೋನು ಕಾಪಾಡುತ್ತದೆ ಎನ್ನುತ್ತಾರೆ. ಅದನ್ನು ಮಾತ್ರೆಯಲ್ಲಿ ತೆಗೆದುಕೊಂಡರೆ ಹೃದಯಕ್ಕೆ ಒಳ್ಳೆಯದಲ್ಲವೇ?

ಉತ್ತರ: ಮೊದಲ ಹೃದಯಾಘಾತ ಹೆಂಗಸರಿಗೆ ಸರಾಸರಿ ಒಂಬತ್ತು ವರ್ಷ ತಡವಾಗಿ ಬರುತ್ತದೆ ಎಂದು 52 ದೇಶಗಳ ರೋಗಿಗಳನ್ನು ನೋಡಿದ ‘ಇಂಟರ್‌ಹಾರ್ಟ್’ ಅಧ್ಯಯನ ಹೇಳಿತು. ತಡವಾಗಿ ಬರುತ್ತದೆ; ಬರುವುದೇ ಇಲ್ಲ ಎಂದಲ್ಲ. ಆ ಒಂಬತ್ತು ವರ್ಷದ ರಿಯಾಯಿತಿಯನ್ನು ಸಕ್ಕರೆ ಕಾಯಿಲೆ ಬಹುಪಾಲು ನುಂಗಿಬಿಡುತ್ತದೆ. ಎಂಟೂವರೆ ಲಕ್ಷ ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಸಕ್ಕರೆ ಕಾಯಿಲೆ ಗಂಡಸಿನ ಹೃದ್ರೋಗದ ಅಪಾಯವನ್ನು ಎರಡು ಪಟ್ಟಿಗಿಂತ ತುಸು ಹೆಚ್ಚಿಸಿದರೆ ಹೆಂಗಸಿನದನ್ನು ಮೂರು ಪಟ್ಟಿನ ಹತ್ತಿರ ಒಯ್ಯುತ್ತದೆ. ಸಿಗರೇಟಿನ ಲೆಕ್ಕವೂ ಹೆಂಗಸರಿಗೇ ದುಬಾರಿ. ಆದ್ದರಿಂದ ಮನೆಯಲ್ಲಿ ಗಂಡನ ಸಕ್ಕರೆಯನ್ನು ಯಾರೋ ನೆನಪಿಟ್ಟು ಪರೀಕ್ಷೆ ಮಾಡಿಸುತ್ತಿದ್ದರೆ (ಯಾರೋ ಏನು, ನೀವೇ) ನಿಮ್ಮದನ್ನೂ ಅದೇ ದಿನ ಮಾಡಿಸಿಕೊಳ್ಳಿ.

ಹಾರ್ಮೋನು ಮಾತ್ರೆಯ ಬಗ್ಗೆ ನಾವೇ ಒಂದು ಕಾಲದಲ್ಲಿ ಬಹಳ ಆಸೆ ಇಟ್ಟುಕೊಂಡಿದ್ದೆವು. 1998ರಲ್ಲಿ, ಆಗಲೇ ಹೃದ್ರೋಗವಿದ್ದ 2,763 ಮಹಿಳೆಯರ ಮೇಲಿನ ಪ್ರಯೋಗದಲ್ಲಿ ಅದರಿಂದ ಲಾಭವೇ ಕಾಣಲಿಲ್ಲ. ಆಮೇಲೆ 16,608 ಮಹಿಳೆಯರ ಇನ್ನೂ ದೊಡ್ಡ ಪ್ರಯೋಗವನ್ನು 2002ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ಹೃದಯಾಘಾತ ಮೂರೂ ಮಾತ್ರೆ ನುಂಗಿದವರಲ್ಲಿ ಹೆಚ್ಚಾಗಿದ್ದವು. ಹಾಗೆಂದು ಅದು ವಿಷವಲ್ಲ. ಮೈ ಇದ್ದಕ್ಕಿದ್ದಂತೆ ಬಿಸಿಯೇರಿ ಬೆವರುವುದು, ನಿದ್ದೆಗೆಡುವುದು ತಡೆಯಲಾರದಷ್ಟಿದ್ದರೆ, ಮುಟ್ಟು ನಿಂತು ಹತ್ತು ವರ್ಷದೊಳಗಿನವರು ವೈದ್ಯರ ಸಲಹೆಯಂತೆ ತೆಗೆದುಕೊಳ್ಳಬಹುದು. ನಲವತ್ತಕ್ಕೆ ಮುಂಚೆಯೇ ಮುಟ್ಟು ನಿಂತವರ ಲೆಕ್ಕವೇ ಬೇರೆ, ಅವರಿಗೆ ಬೇಕಾಗಬಹುದು. ಹೃದಯವನ್ನು ಕಾಯಲೆಂದು ಮಾತ್ರ ಬೇಡ.

ಇನ್ನೊಂದು ಪ್ರಶ್ನೆ, ಇದನ್ನು ನಾನೇ ಕೇಳುತ್ತೇನೆ. ಬಸಿರಿನಲ್ಲಿ ರಕ್ತದೊತ್ತಡ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗಿತ್ತೇ? ಹಾಗಾದವರಿಗೆ ಮುಂದೆ ಹೃದ್ರೋಗದ ಅಪಾಯ ಸುಮಾರು ಎರಡು ಪಟ್ಟು. ಹೆರಿಗೆಯ ಕಾಗದಗಳನ್ನು ಹುಡುಕಿ ತೆಗೆದು ಹೃದ್ರೋಗ ತಜ್ಞರಿಗೆ ತೋರಿಸಿ. ಅವರಾಗಿ ಕೇಳುತ್ತಾರೆಂದು ಕಾಯಬೇಡಿ.

ಪ್ರಶ್ನೆ: ನನ್ನ ಹೆಂಡತಿಗೆ 57. ಮೂರು ತಿಂಗಳ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದಾರೆ. ಮಾನಸಿಕ ಒತ್ತಡ ಇರಬಾರದು ಎಂದು ವೈದ್ಯರು ಹೇಳಿದ್ದಾರೆ. ಅವಳು ಕೆಲಸಕ್ಕೆ ಹೋಗುವವಳಲ್ಲ, ಮನೆಯಲ್ಲೇ ಇರುತ್ತಾಳೆ. ಅವಳಿಗೆ ಎಲ್ಲಿಂದ ಒತ್ತಡ ಬರಬೇಕು? ಹೃದ್ರೋಗಿಗಳ ವ್ಯಾಯಾಮ ತರಗತಿಗೂ ಒಂದು ವಾರ ಹೋಗಿ ಬಿಟ್ಟಳು. ಆಸಕ್ತಿಯೇ ಇಲ್ಲ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಎರಡನೆಯ ಸಲ, ನೀವು ಪಿನ್ ಹಾಕಿ ಜೊತೆಗಿಟ್ಟ ಹಾಳೆ ಕಣ್ಣಿಗೆ ಬಿತ್ತು: ಹೆಂಡತಿಯ ರಕ್ತದೊತ್ತಡ, ದಿನಕ್ಕೆರಡು ಹೊತ್ತು, ಮೂರು ತಿಂಗಳಲ್ಲಿ ಒಂದು ದಿನವೂ ತಪ್ಪಿಲ್ಲ. ಅಕ್ಕರೆ ಇಲ್ಲದವರು ಹೀಗೆ ಬರೆದಿಡುವುದಿಲ್ಲ. ಆ ಹಾಳೆಯ ಭರವಸೆಯ ಮೇಲೆ ನೇರವಾಗಿಯೇ ಮಾತಾಡುತ್ತೇನೆ.

ಸ್ಟೆಂಟ್ ಹಾಕಿಸಿಕೊಂಡು ಬಂದ ಎಷ್ಟನೆಯ ದಿನ ಅವರು ಒಲೆಯ ಮುಂದೆ ನಿಂತರು? ಇದಕ್ಕೆ ಉತ್ತರ ನಿಮಗೆ ತಕ್ಷಣ ಹೊಳೆಯದಿದ್ದರೆ, ಒತ್ತಡ ಎಲ್ಲಿಂದ ಬಂತೆಂದು ಹುಡುಕಲು ದೂರ ಹೋಗಬೇಕಾಗಿಲ್ಲ.

ವಾರ್ಡಿನಲ್ಲಿ ಒಂದು ದೃಶ್ಯವನ್ನು ಎಷ್ಟೋ ಸಲ ನೋಡಿದ್ದೇನೆ. ಗಂಡಸಿಗೆ ಹೃದಯಾಘಾತವಾದರೆ ಹೆಂಡತಿ ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಕೂರುತ್ತಾರೆ. ಗಂಡನಿಗೆ ಫೋನು ಬಂದಾಗ ಪಿಸುಮಾತಿನಲ್ಲಿ ಆಮೇಲೆ ಮಾಡಿ ಎನ್ನುತ್ತಾರೆ. ಹೆಂಗಸಿಗೆ ಹೃದಯಾಘಾತವಾದರೆ ರೋಗಿಯ ಫೋನೇ ಬಡಿದುಕೊಳ್ಳುತ್ತಿರುತ್ತದೆ. ಕೈಗೆ ಡ್ರಿಪ್ ಹಾಕಿದ ಆಕೆ ಬೀರುವಿನ ಕೀಲಿ ಎಲ್ಲಿದೆ, ಯಾರ ಮಾತ್ರೆ ಯಾವ ಡಬ್ಬಿಯಲ್ಲಿದೆ ಎಂದು ಹೇಳುತ್ತಿರುತ್ತಾರೆ. ಮಾನಿಟರಿನಲ್ಲಿ ನಾಡಿ ಏರುವುದು ನಮಗೆ ಕಾಣುತ್ತದೆ.

ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಹೃದಯಾಘಾತ ಅಥವಾ ಅದರ ಹೊಸ್ತಿಲಿನಿಂದ ಹಿಂತಿರುಗಿದ 30ರಿಂದ 65 ವರ್ಷದ 292 ಮಹಿಳೆಯರನ್ನು ಸುಮಾರು ಐದು ವರ್ಷ ಗಮನಿಸಿ 2000ದಲ್ಲಿ ವರದಿ ಮಾಡಿದರು. ಕಚೇರಿಯ ಒತ್ತಡ ಅವರನ್ನು ಮತ್ತೆ ಆಸ್ಪತ್ರೆಗೆ ತಂದಂತೆ ಕಾಣಲಿಲ್ಲ. ಸಂಗಾತಿಯೊಂದಿಗಿನ ಮನಸ್ತಾಪ ತಂದಿತ್ತು. ಅದು ತೀವ್ರವಾಗಿದ್ದವರಿಗೆ ಹೃದಯದ ತೊಂದರೆ ಮರುಕಳಿಸುವ ಅಪಾಯ ಉಳಿದವರ ಸುಮಾರು ಮೂರು ಪಟ್ಟು. ಒತ್ತಡವೆಂದರೆ ಕಚೇರಿಯದು ಎಂದು ಲೆಕ್ಕ ಹಾಕಿಕೊಂಡವರಿಗೆ ಇದು ಸಿಗದ ಲೆಕ್ಕ. ನಿಮ್ಮಿಬ್ಬರಲ್ಲಿ ಮನಸ್ತಾಪವಿದೆ ಎಂದು ನಾನು ಹೇಳುತ್ತಿಲ್ಲ, ನನಗೆ ಗೊತ್ತಾಗುವುದಾದರೂ ಹೇಗೆ? ಕೇಳಬೇಕಾದವರು ನೀವು.

ಅದೇ ದೇಶದಲ್ಲಿ ಮುಂದೆ 237 ಮಹಿಳಾ ಹೃದ್ರೋಗಿಗಳನ್ನು ಎರಡು ಪಾಲು ಮಾಡಿದರು. ಎಲ್ಲರಿಗೂ ಎಂದಿನ ಔಷಧೋಪಚಾರ. ಒಂದು ಪಾಲಿನವರಿಗೆ ಮಾತ್ರ, ನಾಲ್ಕರಿಂದ ಎಂಟು ಮಂದಿಯ ಗುಂಪಿನಲ್ಲಿ, ಬರೀ ಹೆಂಗಸರೇ ಇರುವ ಇಪ್ಪತ್ತು ಭೇಟಿ, ವರ್ಷದುದ್ದಕ್ಕೂ. ಕಾಯಿಲೆಯ ಬಗ್ಗೆ ತಿಳಿವಳಿಕೆ, ಮೈಮನ ಸಡಿಲಗೊಳಿಸುವ ಅಭ್ಯಾಸ, ಮನೆಯಲ್ಲಿ ‘ಆಗುವುದಿಲ್ಲ’ ಎನ್ನುವುದನ್ನು ಕಲಿಯುವುದು, ಜೊತೆಗೆ ಬೇಕಾದಷ್ಟು ಮಾತು. ಏಳು ವರ್ಷದ ನಂತರ ನೋಡಿದರೆ ಎಂದಿನ ಚಿಕಿತ್ಸೆಯಷ್ಟೇ ಪಡೆದವರಲ್ಲಿ ನೂರಕ್ಕೆ 20 ಮಂದಿ ತೀರಿಕೊಂಡಿದ್ದರು. ಗುಂಪಿನಲ್ಲಿ ಕೂತವರಲ್ಲಿ 7. ಚಿಕ್ಕ ಪ್ರಯೋಗ, ನಿಜ. ಆದರೂ ನಾನು ಬರೆದುಕೊಡುವ ಎಷ್ಟೋ ಮಾತ್ರೆಗಳಿಗೆ ಇಷ್ಟು ಯೋಗ್ಯತೆ ಇಲ್ಲ.

ವ್ಯಾಯಾಮ ತರಗತಿಯ ಮಾತು. ಅದು ಎಷ್ಟು ಗಂಟೆಗೆ? ನನ್ನ ಅನುಭವದಲ್ಲಿ ಹೆಂಗಸರು ಅದನ್ನು ಬಿಡುವುದು ಆಸಕ್ತಿ ಇಲ್ಲದೆ ಅಲ್ಲ; ಆ ಗಂಟೆಯಲ್ಲಿ ಮನೆಯಲ್ಲಿ ಅವರು ಮಾಡುವ ಕೆಲಸವನ್ನು ಬೇರೆ ಯಾರೂ ಮಾಡದೆ ಇರುವುದರಿಂದ. ವಾರಕ್ಕೆ ಮೂರು ದಿನ ಆ ಹೊತ್ತನ್ನು ನೀವು ವಹಿಸಿಕೊಳ್ಳಿ. ಉಪಕಾರ ಮಾಡಿದಂತೆ ಸಾರಿ ಹೇಳಬೇಡಿ. ಇನ್ನು ‘ಆಸಕ್ತಿಯೇ ಇಲ್ಲ’ ಎಂದು ಬರೆದಿದ್ದೀರಲ್ಲ, ಆ ಪದ ನನ್ನನ್ನು ಕಾಡುತ್ತಿದೆ. ಎರಡು ವಾರದಿಂದ ಯಾವುದರಲ್ಲೂ ಮನಸ್ಸಿಲ್ಲವೇ, ಮಂಕು ಅಥವಾ ನಿರಾಶೆ ಕವಿದಿದೆಯೇ ಎಂದು ಅವರನ್ನೇ ಕೇಳಿ. ಎರಡರಲ್ಲಿ ಒಂದಕ್ಕೆ ಹೌದೆಂದರೂ ವೈದ್ಯರಿಗೆ ತಿಳಿಸಿ. ಖಿನ್ನತೆ ಹೆಂಗಸರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು, ಹೃದಯಾಘಾತದ ನಂತರವಂತೂ ಇನ್ನೂ ಸಾಮಾನ್ಯ. ಅದಕ್ಕೆ ಚಿಕಿತ್ಸೆ ಇದೆ. ನಿಮ್ಮ ಹಾಳೆಯಲ್ಲಿ ರಕ್ತದೊತ್ತಡದ ಪಕ್ಕದಲ್ಲಿ ಇನ್ನೊಂದು ಕಾಲಂಗೆ ಜಾಗವಿದೆ.

ಪ್ರಶ್ನೆ: ನನ್ನ ಸ್ನೇಹಿತನೊಬ್ಬನಿಗೆ 47 ವರ್ಷ. ಒಂದು ವರ್ಷದಿಂದ ದಾಂಪತ್ಯದಲ್ಲಿ ಪುರುಷತ್ವದ ತೊಂದರೆ. ಬೇರೆ ಕಾಯಿಲೆ ಇಲ್ಲ. ಆನ್‌ಲೈನಿನಲ್ಲಿ ಮಾತ್ರೆ ತರಿಸಿಕೊಳ್ಳಬಹುದೇ? ಅವನ ತಂದೆ 50ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು.

ಉತ್ತರ: ನಿಮ್ಮ ‘ಸ್ನೇಹಿತ’ನಿಗೆ ಹೇಳಿ: ಆ ಕೊನೆಯ ಸಾಲನ್ನು ಬರೆದದ್ದರಿಂದಲೇ ಅವನು ಬಚಾವಾಗಬಹುದು. ಜನನಾಂಗದ ರಕ್ತನಾಳದ ವ್ಯಾಸ ಒಂದೆರಡು ಮಿಲಿಮೀಟರ್. ಹೃದಯದ ರಕ್ತನಾಳದ್ದು ಮೂರು ನಾಲ್ಕು. ಎಲ್ಲ ನಾಳಗಳೂ ಒಟ್ಟಿಗೆ ಕೆಡಲು ಶುರುವಾದಾಗ ಸಣ್ಣದು ಮೊದಲು ದೂರು ಕೊಡುತ್ತದೆ, ಎಷ್ಟೋ ಸಲ ಎದೆನೋವಿಗಿಂತ ಎರಡರಿಂದ ಐದು ವರ್ಷ ಮೊದಲೇ. ತಂದೆ ಅಥವಾ ಅಣ್ಣತಮ್ಮಂದಿರಿಗೆ 55ರೊಳಗೆ, ತಾಯಿ ಅಥವಾ ಅಕ್ಕತಂಗಿಯರಿಗೆ 65ರೊಳಗೆ ಹೃದ್ರೋಗ ಬಂದಿದ್ದರೆ ಅದನ್ನು ನಾವು ಅಪಾಯವೆಂದೇ ಎಣಿಸುತ್ತೇವೆ. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್ ಈ ವಾರವೇ ನೋಡಿಸಲಿ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಪುರುಷತ್ವದ ಮಾತ್ರೆ ನುಂಗಿದರೆ ರಕ್ತದೊತ್ತಡ ಪ್ರಾಣಕ್ಕೇ ಎರವಾಗುವಷ್ಟು ಕುಸಿಯುತ್ತದೆ. ಆದ್ದರಿಂದ ಆನ್‌ಲೈನ್ ಬೇಡ. ಮನಸ್ಸಿನ ಬೇಸರವೂ ಈ ತೊಂದರೆ ತರುತ್ತದೆ. ಅದನ್ನು ಹೆಂಡತಿಗೂ ಹೇಳದೆ ಒಂದು ವರ್ಷ ಹೊತ್ತಿದ್ದಾನೆ ಎಂದು ನನ್ನ ಊಹೆ. ಇಬ್ಬರೂ ಒಟ್ಟಿಗೆ ಬರಲಿ.

ಪ್ರಶ್ನೆ: ನಾನು ನಿವೃತ್ತ ಎಂಜಿನಿಯರ್. ನೀವು ಎಲ್ಲದಕ್ಕೂ ಮನಸ್ಸನ್ನು ಎಳೆದು ತರುತ್ತೀರಿ. ಕೊಳವೆ ಕಟ್ಟಿಕೊಂಡರೆ ನೀರು ನಿಲ್ಲುತ್ತದೆ. ಇದರಲ್ಲಿ ದುಃಖ, ಒಂಟಿತನ ಎಲ್ಲಿಂದ ಬಂದವು? ಗಂಡು ಹೆಣ್ಣೆಂಬ ಭೇದ ಕೊಳವೆಗೆ ಗೊತ್ತಾಗುತ್ತದೆಯೇ?

ಉತ್ತರ: ಸ್ವಾಮಿ, ನಿಮ್ಮ ಕೊಳವೆ ಜೀವಂತ. ಸಿಟ್ಟು ಬಂದರೆ ಬಿಗಿಯುತ್ತದೆ, ನಿದ್ದೆಯಲ್ಲಿ ಸಡಿಲುತ್ತದೆ. ಅಂಥ ಕೊಳವೆಯನ್ನು ನೀವು ವೃತ್ತಿಯಲ್ಲಿ ಎಂದೂ ಜೋಡಿಸಿರಲಾರಿರಿ. 1990ರಲ್ಲಿ ಜಪಾನಿನ ವೈದ್ಯರು, ತೀವ್ರ ಆಘಾತದ ನಂತರ ಹೃದಯದ ತುದಿ ಬುಗ್ಗೆಯಂತೆ ಉಬ್ಬಿಕೊಂಡು ನಿಶ್ಚಲವಾಗುವುದನ್ನು ವರ್ಣಿಸಿದರು. ಆಕ್ಟೋಪಸ್ ಹಿಡಿಯುವ ಮಡಕೆಯ ಆಕಾರದಂತೆ ಕಂಡದ್ದರಿಂದ ಅದಕ್ಕೆ ‘ಟಾಕೋತ್ಸುಬೊ’ ಎಂದೇ ಹೆಸರಿಟ್ಟರು. ಲಕ್ಷಣಗಳು ಥೇಟ್ ಹೃದಯಾಘಾತದವು; ಕೊಳವೆ ನೋಡಿದರೆ ಕಟ್ಟಿಕೊಂಡಿರುವುದಿಲ್ಲ. ಸಾವಿನ ಸುದ್ದಿ ಕೇಳಿ ಬರಬಹುದು, ಶಸ್ತ್ರಚಿಕಿತ್ಸೆಯ ನಂತರ ಬರಬಹುದು, ಅಪರೂಪಕ್ಕೆ ಸಂತೋಷದ ಸುದ್ದಿಯಿಂದಲೂ ಬಂದದ್ದಿದೆ. ಹತ್ತರಲ್ಲಿ ಒಂಬತ್ತು ಮಂದಿ ಹೆಂಗಸರು, ಬಹುಪಾಲು ಮುಟ್ಟು ನಿಂತವರು. ಭೇದ ಗೊತ್ತಾಗುತ್ತದೆ.

ಆದರೆ ನಿಮ್ಮ ಸಂಶಯಕ್ಕೆ ನನ್ನ ಮರ್ಯಾದೆ ಇದೆ, ಏಕೆಂದರೆ ಮನಸ್ಸಿನ ವಿಷಯದಲ್ಲಿ ನಾವೂ ಎಡವಿದ್ದೇವೆ. 1950ರ ದಶಕದಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಫ್ರೀಡ್‌ಮನ್ ಮತ್ತು ರೋಸೆನ್‌ಮನ್ ಎಂಬ ವೈದ್ಯರ ಕ್ಲಿನಿಕ್ಕಿನಲ್ಲಿ ರೋಗಿಗಳು ಕೂರುವ ಕುರ್ಚಿಗಳ ಮುಂಭಾಗ ಮಾತ್ರ ಸವೆದಿತ್ತಂತೆ, ಎಲ್ಲರೂ ತುದಿಯಲ್ಲಿ ಕೂತು ಚಡಪಡಿಸುತ್ತಿದ್ದರಿಂದ. ಧಾವಂತದ, ಪೈಪೋಟಿಯ ‘ಎ’ ಸ್ವಭಾವದವರಿಗೆ ಹೃದ್ರೋಗ ಹೆಚ್ಚು ಎಂಬ ಮಾತು ಹುಟ್ಟಿದ್ದು ಅಲ್ಲಿ. ಅದನ್ನು ಸಾಬೀತುಮಾಡಲು 1960ರಲ್ಲಿ ಹೊರಟ ಅಧ್ಯಯನದಲ್ಲಿ 3,154 ಜನರಿದ್ದರು. ಅಷ್ಟೂ ಗಂಡಸರು. ಆಮೇಲಿನ ಅಧ್ಯಯನಗಳಲ್ಲಿ ಆ ಸಿದ್ಧಾಂತದ ಬಹುಪಾಲು ಕುಸಿಯಿತು. ಒಳಗೇ ಕುದಿಯುವ ಹಗೆತನ ಮಾತ್ರ ಸ್ವಲ್ಪ ತಾಳಿಕೊಂಡಿತು. ಹೃದಯಕ್ಕೆ ಆಸ್ಪಿರಿನ್ ಒಳ್ಳೆಯದೆಂದು 1989ರಲ್ಲಿ ಸಾರಿದ ಪ್ರಸಿದ್ಧ ಪ್ರಯೋಗದಲ್ಲೂ 22,071 ಮಂದಿ ಇದ್ದರು, ಒಬ್ಬ ಹೆಂಗಸೂ ಇಲ್ಲ. ಸುಮಾರು ನಲವತ್ತು ಸಾವಿರ ಹೆಂಗಸರಿಗೆ ಅದನ್ನೇ ಕೊಟ್ಟು ನೋಡಿದ ಫಲಿತಾಂಶ ಬಂದದ್ದು 2005ರಲ್ಲಿ: ಮೊದಲ ಹೃದಯಾಘಾತ ತಗ್ಗಲಿಲ್ಲ, ಪಾರ್ಶ್ವವಾಯು ತಗ್ಗಿತು. ಗಂಡಸರಲ್ಲಿ ಕಂಡದ್ದರ ತದ್ವಿರುದ್ಧ.

ಇನ್ನೂ ಒಂದನ್ನು ಒಪ್ಪಿಕೊಳ್ಳುತ್ತೇನೆ. ಹೃದಯಾಘಾತವಾದವರ ಮನಸ್ಸಿಗೆ ಸಮಾಧಾನ ಹೇಳಿದರೆ ಆಯುಷ್ಯ ಹೆಚ್ಚುತ್ತದೆ ಎಂದು ನಂಬಿ ಮಾಂಟ್ರಿಯಲ್‌ನಲ್ಲಿ ಒಂದು ಪ್ರಯೋಗ ಮಾಡಿದರು. ತಿಂಗಳಿಗೊಮ್ಮೆ ಫೋನ್, ಬೇಸರ ಹೆಚ್ಚಿದ್ದರೆ ದಾದಿ ಮನೆಗೇ ಭೇಟಿ. 1997ರಲ್ಲಿ ಫಲಿತಾಂಶ ಬಂದಾಗ ಗಂಡಸರಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಹೆಂಗಸರಲ್ಲಿ ಸಾವು ಹೆಚ್ಚಿದಂತೆಯೇ ಕಂಡಿತು. 2003ರಲ್ಲಿ 2,481 ರೋಗಿಗಳ ಇನ್ನೊಂದು ಪ್ರಯೋಗದಲ್ಲಿ ಖಿನ್ನತೆ ಇಳಿಯಿತು, ಆಯುಷ್ಯ ಬೆಳೆಯಲಿಲ್ಲ. ಆದ್ದರಿಂದ ‘ಮನಸ್ಸು ಸರಿಯಿದ್ದರೆ ಎಲ್ಲ ಸರಿ’ ಎಂದು ಮಾತ್ರೆ ಬಿಡಿಸುವವರನ್ನು ಕಂಡರೆ ನನಗೆ ನಿಮಗಿಂತ ಹೆಚ್ಚು ಸಿಟ್ಟು. ಹಾಗೆಂದು ಇಂಟರ್‌ಹಾರ್ಟ್‌ನ ಲೆಕ್ಕವನ್ನು ಬದಿಗಿಡಲು ಬರುವುದಿಲ್ಲ. ಸುಮಾರು ಹದಿನೈದು ಸಾವಿರ ರೋಗಿಗಳನ್ನು ಅಷ್ಟೇ ಸಂಖ್ಯೆಯ ಆರೋಗ್ಯವಂತರ ಜೊತೆ ಹೋಲಿಸಿದಾಗ, ಹೃದಯಾಘಾತದ ಹೊರೆಯಲ್ಲಿ ಸುಮಾರು ಮೂರನೇ ಒಂದು ಪಾಲು ಮನಸ್ಸು ಮತ್ತು ಬದುಕಿನ ಒತ್ತಡಗಳ ಲೆಕ್ಕಕ್ಕೆ ಸೇರಿತು. ಕೊಲೆಸ್ಟ್ರಾಲ್, ಸಿಗರೇಟು, ಸಕ್ಕರೆ, ರಕ್ತದೊತ್ತಡಗಳ ಸಾಲಿನಲ್ಲೇ ಅದಕ್ಕೊಂದು ಕುರ್ಚಿ ಹಾಕಿದೆ. ಅದಕ್ಕಿಂತ ಎತ್ತರದ ಪೀಠವನ್ನು ನಾನೂ ಕೇಳುತ್ತಿಲ್ಲ.

ಪ್ರಶ್ನೆ: ವಯಸ್ಸು 66. ಐದು ವರ್ಷದ ಹಿಂದೆ ಬೈಪಾಸ್ ಆಗಿದೆ. ಆಸ್ಪಿರಿನ್ ಮತ್ತು ಕೊಲೆಸ್ಟ್ರಾಲ್ ಮಾತ್ರೆ ಇವೆ. ಇವನ್ನು ಮುಂದುವರಿಸಬೇಕೇ? ಕಳೆದ ನಾಲ್ಕು ತಿಂಗಳಲ್ಲಿ ತೂಕ ಆರು ಕಿಲೋ ಇಳಿದಿದೆ. ಪತ್ನಿ ತೀರಿಕೊಂಡ ಮೇಲೆ ಮಾತ್ರೆಯ ಸಮಯ ತಪ್ಪುತ್ತಿದೆ. ಉಳಿದಂತೆ ಚೆನ್ನಾಗಿದ್ದೇನೆ.

ಉತ್ತರ: ನಿಮ್ಮ ಪ್ರಶ್ನೆಗೆ ಉತ್ತರ: ಎರಡನ್ನೂ ಮುಂದುವರಿಸಬೇಕು. ಮಾತ್ರೆ ತಪ್ಪಬಾರದು.

ನೀವು ಕೇಳದೆ ಉಳಿಸಿದ್ದಕ್ಕೆ ಈಗ ಬರುತ್ತೇನೆ. ಪತ್ನಿ ತೀರಿಕೊಂಡದ್ದನ್ನು ಮಾತ್ರೆಯ ಸಮಯ ತಪ್ಪಿದ್ದಕ್ಕೆ ಕಾರಣವಾಗಿ ಬರೆದಿದ್ದೀರಿ, ಅರ್ಧ ವಾಕ್ಯದಲ್ಲಿ. ಬಹುಶಃ ಮಾತ್ರೆ ಕೈಗೆ ಕೊಡುತ್ತಿದ್ದವರು ಅವರೇ. ಇಂಗ್ಲೆಂಡಿನಲ್ಲಿ 1969ರಲ್ಲಿ ಪ್ರಕಟವಾದ ಒಂದು ಅಧ್ಯಯನ 55 ದಾಟಿದ 4,486 ವಿಧುರರನ್ನು ಗಮನಿಸಿತ್ತು. ಹೆಂಡತಿ ಸತ್ತ ಮೊದಲ ಆರು ತಿಂಗಳಲ್ಲಿ ಅವರಲ್ಲಿ 213 ಮಂದಿ ತೀರಿಕೊಂಡರು. ಅದೇ ವಯಸ್ಸಿನ ವಿವಾಹಿತರಿಗಿಂತ ನೂರಕ್ಕೆ 40ರಷ್ಟು ಹೆಚ್ಚು. ಅತಿ ಹೆಚ್ಚು ಏರಿದ್ದು ಹೃದಯದ ಕಾಯಿಲೆಯ ಸಾವುಗಳೇ. ಗಂಡನನ್ನು ಕಳೆದುಕೊಂಡ ಹೆಂಗಸರಿಗೂ ಅಪಾಯ ಏರುತ್ತದೆ, ಆದರೆ ಗಂಡಸರಿಗೆ ಏರಿದಷ್ಟು ಅಲ್ಲ ಎಂದು ನಂತರದ ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ. ನನ್ನ ರೋಗಿಗಳಲ್ಲಿ ನಾನು ಕಂಡ ಕಾರಣ ಸರಳ. ಹೆಂಗಸಿಗೆ ಮನಸ್ಸು ಬಿಚ್ಚಲು ಅಕ್ಕ, ಗೆಳತಿ, ನೆರೆಯವಳು ಹೀಗೆ ನಾಲ್ಕು ಬಾಗಿಲುಗಳಿರುತ್ತವೆ. ಗಂಡಸಿಗೆ ಹೆಂಡತಿ ಒಬ್ಬಳೇ. ಆ ಬಾಗಿಲು ಮುಚ್ಚಿದರೆ ‘ಚೆನ್ನಾಗಿದ್ದೇನೆ’ ಎನ್ನುವುದೊಂದೇ ಉಳಿಯುತ್ತದೆ. ನಾವು ವೈದ್ಯರೂ ಆ ಮಾತನ್ನು ಹಾಗೇ ಬರೆದುಕೊಂಡು ಮುಂದಿನವರನ್ನು ಕರೆಯುತ್ತೇವೆ.

ಆರು ಕಿಲೋ ಇಳಿದದ್ದು ಚೆನ್ನಾಗಿರುವವರ ಲಕ್ಷಣವಲ್ಲ. ಈ ವಾರ ವೈದ್ಯರನ್ನು ಕಾಣಿ. ಥೈರಾಯಿಡ್, ಸಕ್ಕರೆ, ಎಕೋ ನೋಡಲಿ, ಖಿನ್ನತೆಯನ್ನೂ ನೋಡಲಿ. ಬೈಪಾಸ್ ಆದವರು ತೆಗೆದುಕೊಳ್ಳಬಹುದಾದ ಖಿನ್ನತೆಯ ಔಷಧಗಳಿವೆ. ಆಸ್ಪಿರಿನ್ ತೆಗೆದುಕೊಳ್ಳುತ್ತಿರುವುದನ್ನು ಮರೆಯದೆ ಹೇಳಿ, ಏಕೆಂದರೆ ಅವುಗಳಲ್ಲಿ ಕೆಲವು ಅದರ ಜೊತೆ ಸೇರಿದರೆ ರಕ್ತಸ್ರಾವ ಹೆಚ್ಚಬಹುದು. ವಾರದ ಏಳು ದಿನಕ್ಕೆ ಏಳು ಖಾನೆ ಇರುವ ಮಾತ್ರೆ ಡಬ್ಬಿ ಸಿಗುತ್ತದೆ, ಒಂದು ತನ್ನಿ. ನಡಿಗೆಗೆ ಒಬ್ಬರೇ ಹೋಗಬೇಡಿ. ಮಾತಾಡಬೇಕೆಂದೇನೂ ಇಲ್ಲ, ಪಕ್ಕದಲ್ಲಿ ಒಬ್ಬರು ನಡೆಯುತ್ತಿದ್ದರೆ ಸಾಕು.

ಇನ್ನೊಂದು ವಿಷಯ. ನಿಮ್ಮ ಪತ್ರವನ್ನು ಅಂಚೆಗೆ ಹಾಕಿದ್ದು ನಿಮ್ಮ ಮಗಳು ಎಂದು ಕಾಣುತ್ತದೆ. ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಮೂರು ಸಾಲು ಬರೆದಿದ್ದಾರೆ. ಅದನ್ನು ಇಲ್ಲಿ ಅಚ್ಚು ಹಾಕುವುದಿಲ್ಲ. ಏನು ಬರೆದೆ ಎಂದು ಇವತ್ತು ಸಂಜೆ ಅವರನ್ನೇ ಕೇಳಿ.